ಬೆಚ್ಚಗಿರುವ ವೆಚ್ಚ

ಶಾಲೆಯಲ್ಲಿ ನನಗೆ ಗಣಿತ ಬರುತ್ತಿರಲಿಲ್ಲ. ಈಗ ಬರುತ್ತದೆ. ಅದಕ್ಕೆ ಕಾರಣ ನೆದರ್ಲೆಂಡ್ಸಿನ ಕೊತ್ತಂಬರಿ ಸೊಪ್ಪು. ಇಲ್ಲಿಗೆ ಬಂದ ಹೊಸತರಲ್ಲಿ, ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣದೊಳಗೆ ಸುಸ್ತಾಗಿ ಮಲಗಿದ್ದ ನಾಲ್ಕು ಎಳೆ ಸೊಪ್ಪನ್ನು ಕೈಗೆತ್ತಿಕೊಂಡು, ಅದರ ಬೆಲೆಯನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ವಾಪಸ್ ಇಟ್ಟು ಬಂದೆ. ಅವತ್ತಿನಿಂದ ನನ್ನ ಗುಣಾಕಾರ ನಿಂತಿಲ್ಲ. ಆಗ ತೊಂಬತ್ತರ ಆಸುಪಾಸಿನಲ್ಲಿ ಗುಣಿಸಬೇಕಿತ್ತು, ಕಷ್ಟವಾಗುತ್ತಿತ್ತು. ಈಚೆಗೆ ನಮ್ಮ ರೂಪಾಯಿ ಇಳಿದು ಇಳಿದು ನೂರರ ಹತ್ತಿರ ಬಂದು ನಿಂತಿದೆ. ಲೆಕ್ಕ ಸುಲಭವಾಯಿತು, ಕೊಳ್ಳುವುದು ಕಷ್ಟವಾಯಿತು.

ಹೊಸದಾಗಿ ಬಂದವರೆಲ್ಲ ಹೀಗೆ ಗುಣಿಸುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಬಿಟ್ಟುಬಿಡುತ್ತಾರೆ, ಇಲ್ಲಿಯ ಸಂಬಳ ಇಲ್ಲಿಯ ಖರ್ಚು ಎಂದು ಸಮಾಧಾನಕ್ಕೆ ಬರುತ್ತಾರೆ. ನಾನು ಬಿಟ್ಟಿಲ್ಲ. ನನ್ನ ಗಂಡ ರಘು ಮಾತ್ರ ಮೊದಲಿನಿಂದಲೂ ಗುಣಿಸುವ ಪೈಕಿ ಅಲ್ಲ, ಭಾಗಿಸುವ ಪೈಕಿ. ದುಬಾರಿ ಚಳಿಗಾಲದ ಕೋಟೊಂದನ್ನು ತಂದರೆ ಅದರ ಬೆಲೆಯನ್ನು ಹತ್ತು ಚಳಿಗಾಲಗಳಿಗೆ ಹಂಚಿ, ಪ್ರತಿ ಚಳಿಗಾಲವನ್ನು ದಿನಗಳಿಗೆ ಹಂಚಿ, ಕೊನೆಗೆ ಒಂದು ಕಪ್ ಕಾಫಿಗಿಂತಲೂ ಅಗ್ಗ ಎಂದು ಸಾಬೀತು ಮಾಡುತ್ತಾರೆ. ಅವರು ಆಮ್‌ಸ್ಟರ್‌ಡ್ಯಾಮಿನ ಜೈಡಾಸ್ ಎಂಬ ಕಚೇರಿಗಳ ಬಡಾವಣೆಯ ದೊಡ್ಡ ಕಟ್ಟಡವೊಂದರಲ್ಲಿ ಬ್ಯಾಂಕಿನವರಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಈ ಅಭ್ಯಾಸ ಅಲ್ಲಿಂದ ಬಂತೋ, ಈ ಅಭ್ಯಾಸ ಇದ್ದುದರಿಂದಲೇ ಅಲ್ಲಿ ಕೆಲಸ ಸಿಕ್ಕಿತೋ ಗೊತ್ತಿಲ್ಲ. ಗುಣಿಸುವವಳೂ ಭಾಗಿಸುವವರೂ ಕೂಡಿದ್ದರಿಂದ ನಮ್ಮ ಸಂಸಾರದ ಮೊತ್ತ ಹೆಚ್ಚುಕಡಿಮೆ ಇದ್ದಷ್ಟೇ ಇದೆ.

ಮೊದಲು ನಾವು ಆಮ್‌ಸ್ಟರ್‌ಡ್ಯಾಮಿನ ಪಕ್ಕದ, ನಮ್ಮವರೇ ಹೆಚ್ಚಿರುವ ಆಮ್ಸ್ಟೆಲ್‌ವೀನ್‌ನಲ್ಲಿದ್ದೆವು. ಅಲ್ಲಿ ಟ್ರ್ಯಾಮಿನಲ್ಲಿ ಕಣ್ಣುಮುಚ್ಚಿ ಕೂತರೆ ಜಯನಗರದ ಬಸ್ಸಿನಲ್ಲಿ ಕೂತಂತೆಯೇ. ಕರಿಬೇವು ಸಿಗುತ್ತದೆ, ಗಣೇಶನ ಹಬ್ಬಕ್ಕೆ ಕಡುಬು ಸಿಗುತ್ತದೆ, ಕಷ್ಟ ಹೇಳಿಕೊಳ್ಳಲು ಜನ ಸಿಗುತ್ತಾರೆ. ಮನೆ ಮಾತ್ರ ಸಿಗುವುದಿಲ್ಲ. ಸಿಕ್ಕಿದ ಮನೆಯ ಕರಾರು ಮುಗಿದಾಗ ಮಾಲೀಕರು ಹೇಳಿದ ಹೊಸ ಬಾಡಿಗೆಯನ್ನು ರಘು ಎಷ್ಟು ಭಾಗಿಸಿದರೂ ಅದು ಚಿಕ್ಕದಾಗಲಿಲ್ಲ. ಹೀಗಾಗಿ ಸಮುದ್ರದ ದಂಡೆಯ ಝಾಂಡ್‌ಫೋರ್ಟ್ ಎಂಬ ಪುಟ್ಟ ಊರಿಗೆ ಬಂದೆವು. ನಮ್ಮದು ಸಾಲುಮನೆ, ಹಳೆಯದು, ಸಮುದ್ರಕ್ಕೆ ಎರಡು ಬೀದಿ ಹಿಂದೆ. ಸಮುದ್ರ ಕಾಣುವುದಿಲ್ಲ, ಕೇಳುತ್ತದೆ. ಕಾಣುವ ಮನೆಗಳ ಬಾಡಿಗೆಯೇ ಬೇರೆ.

ಆಮ್ಸ್ಟೆಲ್‌ವೀನ್‌ನ ಗೆಳತಿ ಶೈಲಾ ಇದನ್ನು ಕೇಳಿ, "ಬೀಚ್ ಹೌಸಾ! ಏನೇ, ಫುಲ್ ರಿಚ್ ಆಗ್ಬಿಟ್ರಿ!" ಅಂದಳು. ಆ ಮೇಲೆ ಬಿಸಿಲು ಬಿದ್ದ ಪ್ರತಿ ಭಾನುವಾರ ಯಾರಾದರೊಬ್ಬರು ನಮ್ಮ ಶ್ರೀಮಂತಿಕೆ ನೋಡಲು ಬರತೊಡಗಿದರು. ಸಮುದ್ರ ಪುಕ್ಕಟೆ ಎಂದು ತಿಳಿದವರು ಸಮುದ್ರದ ಪಕ್ಕ ಸಂಸಾರ ಮಾಡಿ ನೋಡಬೇಕು. ಉಪ್ಪುಗಾಳಿಗೆ ಸೈಕಲ್ಲಿನ ಚೈನು ತುಕ್ಕು ಹಿಡಿಯುತ್ತದೆ. ಛತ್ರಿ ಎಂಬುದು ಒಂದು ಸಲ ಬಳಸಿ ಎಸೆಯುವ ವಸ್ತು. ಮರಳು ಚಪ್ಪಲಿಯಿಂದ ಹಜಾರಕ್ಕೆ, ಹಜಾರದಿಂದ ಹಾಸಿಗೆಗೆ, ಅಲ್ಲಿಂದ ಹೇಗೋ ಅವಲಕ್ಕಿಯ ಡಬ್ಬಿಗೆ ಬರುತ್ತದೆ. ಬಂದ ಅತಿಥಿಗಳಿಗೆ ಕೇಸರಿಬಾತು ಆಗಬೇಕು. ಒಂದು ಅನುಕೂಲವೆಂದರೆ ಕಾರು ನಿಲ್ಲಿಸಲು ಇಲ್ಲಿ ಗಂಟೆಗಿಷ್ಟು ಎಂದು ಕೀಳುತ್ತಾರೆ, ಆದ್ದರಿಂದ ಯಾರೂ ಬಹಳ ಹೊತ್ತು ಕೂರುವುದಿಲ್ಲ. ದುಬಾರಿಯಿಂದಲೂ ಇಂಥ ಸಣ್ಣಪುಟ್ಟ ಉಪಕಾರಗಳಾಗುತ್ತವೆ.

ಆದರೆ ಈ ಊರಿನ ನಿಜವಾದ ಬೆಲೆ ತಿಳಿಯುವುದು ಅತಿಥಿಗಳು ಬರುವುದು ನಿಂತ ಮೇಲೆ. ನವೆಂಬರಿನಲ್ಲಿ ಗಾಳಿ ಶುರುವಾದರೆ ಕಿಟಕಿಯ ಸಂದಿಗಳೆಲ್ಲ ಶಿಳ್ಳೆ ಹಾಕುತ್ತವೆ. ಇಲ್ಲಿ ಮನೆಯನ್ನು ಗ್ಯಾಸ್ ಉರಿಸಿಯೇ ಬೆಚ್ಚಗಿಡಬೇಕು. ಕನ್ನಡದಲ್ಲಿ ವೆಚ್ಚಕ್ಕೂ ಬೆಚ್ಚಗಿರುವುದಕ್ಕೂ ಒಂದೇ ಅಕ್ಷರದ ಅಂತರ. ನಮ್ಮ ಪೂರ್ವಿಕರಿಗೆ ಗ್ಯಾಸ್ ಬಿಲ್ ಇರಲಿಲ್ಲವಾದರೂ ಏನೋ ಗೊತ್ತಿತ್ತು ಅನ್ನಿಸುತ್ತದೆ. ಬೆಚ್ಚಗಿರಲು ಆಗುವ ವೆಚ್ಚ ಕಂಡು ಬೆಚ್ಚಿಬೀಳುವುದು ಎಂಬ ಮೂರು ಕ್ರಿಯೆಗಳನ್ನು ಹೀಗೆ ಒಂದೇ ಉಸಿರಿನಲ್ಲಿ ಹೇಳುವ ಅನುಕೂಲ ಡಚ್ ಭಾಷೆಯಲ್ಲಿ ಇಲ್ಲ. ಕಳೆದ ಚಳಿಗಾಲ ನಾವು ಮೂರನ್ನೂ ಮಾಡಿದೆವು. ಹಳೆಯ ಗ್ಯಾಸ್ ಕರಾರು ಮುಗಿದು ಹೊಸ ದರ ಬಂದ ದಿನ ರಘು ಗೋಡೆಯ ಮೇಲಿನ ಥರ್ಮೋಸ್ಟ್ಯಾಟನ್ನು ಇಪ್ಪತ್ತೆರಡು ಡಿಗ್ರಿಯಿಂದ ಹದಿನಾರಕ್ಕೆ ಇಳಿಸಿ, ಅದರ ಮುಂದೆ ಕಾವಲುಗಾರನ ಹಾಗೆ ನಿಂತು, "ಇನ್ಮೇಲೆ ಇಷ್ಟೇ. ಎಲ್ರೂ ಸ್ವೆಟರ್ ಹಾಕ್ಕೊಳ್ಳಿ" ಎಂದು ಘೋಷಿಸಿದರು.

ನಾನು ಮೈಸೂರಿನವಳು. ನಮ್ಮಲ್ಲಿ ಹಗಲು ಹೊತ್ತು ಹದಿನಾರು ಡಿಗ್ರಿಗೆ ಇಳಿದರೆ ಪತ್ರಿಕೆಯಲ್ಲಿ ಬರುತ್ತದೆ. ಕೊಬ್ಬರಿ ಎಣ್ಣೆ ಕಲ್ಲಾಯಿತು. ದೋಸೆ ಹಿಟ್ಟು ಹುದುಗುವುದನ್ನೇ ಮರೆಯಿತು. ಕೊನೆಗೆ ಮನೆಯಲ್ಲಿದ್ದ ಒಳ್ಳೆಯ ಉಣ್ಣೆ ಶಾಲನ್ನು ಹಿಟ್ಟಿನ ಪಾತ್ರೆಗೆ ಹೊದಿಸಿ, ನಾನು ಎರಡನೇ ದರ್ಜೆಯ ಶಾಲು ಹೊದ್ದು ಕೂತೆ. ಹತ್ತು ವರ್ಷದ ಮಗಳು ಅನಘಾ ಕೈಗವಸು ಹಾಕಿಕೊಂಡು ಹೋಂವರ್ಕ್ ಬರೆದಳು. ಅಕ್ಷರ ಯಾಕೆ ಹೀಗಿದೆ ಎಂದು ಶಾಲೆಯಲ್ಲಿ ಕೇಳಿದಾಗ, "ಅಪ್ಪ ಉಳಿತಾಯ ಮಾಡ್ತಿದಾರೆ" ಎಂದು ಡಚ್ಚಿನಲ್ಲಿ ನಿಜವನ್ನೇ ಹೇಳಿ ಬಂದಳು.

ಹೀಗೆ ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಕೋರಿ. ಎಂಬತ್ತರ ಹತ್ತಿರದ, ನೀಟಾಗಿ ಬೆನ್ನು ಸೆಟೆಸಿ ನಡೆಯುವ ಹೆಂಗಸು. ಒಂದು ಕಾಲದಲ್ಲಿ ಈ ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ. ಇಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ನಾಲಿಗೆ ಏಳದೆ 'ಬ್ಯೂರ್‌ವ್ರೌ' ಅನ್ನುತ್ತೇವೆ. ಪಕ್ಕದ ಮನೆಯಾಕೆ ಎಂದು ಅರ್ಥ. ಅದರಲ್ಲಿ ಮರ್ಯಾದೆಯೂ ಇದೆ, ಸಲಿಗೆಯೂ ಇದೆ. ಹೆಸರು ಕೋರಿ ಎಂದಿದ್ದರೂ ಆಕೆ ಯಾರಲ್ಲೂ ಏನನ್ನೂ ಕೋರಿದವರಲ್ಲ. ನಾಲ್ಕು ವರ್ಷದಲ್ಲಿ ಒಂದು ಲೋಟ ಸಕ್ಕರೆಗೂ ನಮ್ಮ ಮನೆಗೆ ಬಂದಿರಲಿಲ್ಲ.

"ನೀವು ಊರಲ್ಲೇ ಇದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇದ್ದೀವಲ್ಲ ಬ್ಯೂರ್‌ವ್ರೌ. ಯಾಕೆ?"

"ಇಂಡಿಯಾಕ್ಕೆ ಹೋದ್ರೇನೋ ಅಂದ್ಕೊಂಡೆ. ಗೋಡೆ ತಣ್ಣಗಾಗಿದೆ."

ಇದು ಡಚ್ಚರ ಯಾವುದೋ ನುಡಿಗಟ್ಟಿರಬೇಕೆಂದು ನಾನು ನಕ್ಕೆ. ಅವರು ನಗಲಿಲ್ಲ. ಬಿಡಿಸಿ ಹೇಳಿದರು. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ನಾವು ಬಂದ ಮೊದಲ ಚಳಿಗಾಲದಲ್ಲೇ ಅದು ಒಲೆಯ ಹಾಗೆ ಕಾದಿದ್ದನ್ನು ಗಮನಿಸಿ, ತಮ್ಮ ಕುರ್ಚಿಯನ್ನೂ ಮಂಚವನ್ನೂ ಅದಕ್ಕೆ ಒತ್ತಿ ಹಾಕಿಕೊಂಡರಂತೆ. ತಮ್ಮ ಹೀಟರನ್ನು ಆಮೇಲೆ ಹೆಚ್ಚು ಹಾಕಲೇ ಇಲ್ಲವಂತೆ. ಮುಚ್ಚುಮರೆ ಇಲ್ಲ, ನಾಚಿಕೆಯೂ ಇಲ್ಲ, ಹವಾಮಾನ ವರದಿ ಓದಿದ ಹಾಗೆ. "ನಿಮಗೆ ಹುಷಾರಿಲ್ಲವೋ ಏನೋ ಅಂತ ಕೇಳೋಕೆ ಬಂದೆ. ಚೆನ್ನಾಗಿದ್ದೀರಿ, ಸರಿ" ಎಂದು ಹೊರಟುಹೋದರು.

ಸಂಜೆ ಇದನ್ನು ಕೇಳಿದ ರಘು, ಕೋಟಿನ ಒಂದು ತೋಳು ಬಿಚ್ಚಿದವರು ಹಾಗೆಯೇ ನಿಂತುಬಿಟ್ಟರು.

"ಅಂದ್ರೆ ನಾಲ್ಕು ವರ್ಷದಿಂದ ಅವರ ಮನೆನೂ ನಾವೇ ಕಾಯಿಸ್ತಿದೀವಾ?"

"ಮನೆ ಅಲ್ಲ ಕಣ್ರೀ, ಒಂದು ಗೋಡೆ."

"ಒಂದು ಮಾತು ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ಏನ್ಮಾಡ್ತಿದ್ರಿ?"

ರಘು ಯೋಚಿಸಿದರು. "ಭಾಗ ಮಾಡ್ತಿದ್ದೆ" ಅಂದರು.

"ಅಪ್ಪಾ, ದಟ್ಸ್ ಜಸ್ಟ್ ಫಿಸಿಕ್ಸ್" ಎಂದಳು ಅನಘಾ, ಕೈಗವಸಿನೊಳಗಿಂದ ಪುಟ ತಿರುವುತ್ತಾ.

ಜನವರಿಯಲ್ಲಿ ಬಿರುಗಾಳಿಯ ವಾರ ಬಂತು. ರೈಲು ನಿಂತಿತು, ರಘು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಈ ದೇಶದಲ್ಲಿ ಬೆಳಗಾದರೆ ಪರದೆ ತೆಗೆಯಬೇಕು. ದಾರಿಹೋಕರಿಗೆಲ್ಲ ಹಜಾರ ಕಾಣುವಂತೆ ಬದುಕುವುದು ಇಲ್ಲಿಯವರಿಗೆ ಸಭ್ಯತೆ. ಒಂದು ದಿನ ಮಧ್ಯಾಹ್ನವಾದರೂ ಕೋರಿಯ ಮನೆಯ ಪರದೆ ತೆರೆದಿರಲಿಲ್ಲ. ನಾನು ಬಾಗಿಲು ತಟ್ಟಿದೆ, ಉತ್ತರವಿಲ್ಲ. ಗೋಡೆ ಬಡಿದೆ. ಆ ಕಡೆಯಿಂದ ಕೆಮ್ಮಿದ ಸದ್ದು ಕೇಳಿಸಿತು. ರಘುಗೆ ಹೇಳಿದ ಕೂಡಲೇ ಅವರು ಮೀಟಿಂಗನ್ನು ಅರ್ಧಕ್ಕೆ ಬಿಟ್ಟು, ಮನೆಯ ಚಪ್ಪಲಿಯಲ್ಲೇ ಹಿತ್ತಲಿನ ಬೇಲಿ ಹಾರಿದರು. ನಲವತ್ತು ದಾಟಿದ ಮೇಲೆ ಅವರು ಏನನ್ನಾದರೂ ಹಾರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಿಗೆ ಬೀಗವಿರಲಿಲ್ಲ, ಒಳಹೊಕ್ಕು ನನಗೆ ಮುಂಬಾಗಿಲು ತೆಗೆದರು.

ಒಳಗೆ ಹೊರಗಿನಷ್ಟೇ ಚಳಿ. ಗೋಡೆಗೆ ಒತ್ತಿದ ಮಂಚದಲ್ಲಿ ಆಕೆ ಮುದುಡಿ ಮಲಗಿದ್ದರು. ಮೈ ಸುಡುತ್ತಿತ್ತು, ಕೈ ಮಾತ್ರ ಮಂಜಿನಂತಿತ್ತು. "ಸುಮ್ನೆ ನೆಗಡಿ" ಅಂದರು, ಆದರೆ ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು. ನಾನು ಹಣೆ ಮುಟ್ಟಿ ನೋಡುತ್ತಿರುವಾಗ ಹಿಂದೆ ಕಟ್ ಎಂದು ಸದ್ದಾಯಿತು. ತಿರುಗಿದರೆ, ರಘು ಕೋರಿಯ ಥರ್ಮೋಸ್ಟ್ಯಾಟನ್ನು ಕೊನೆಯವರೆಗೂ ತಿರುಗಿಸಿ ನಿಂತಿದ್ದರು. ಡಾಕ್ಟರಿಗೆ ಫೋನ್ ಮಾಡಿದವರೂ ಅವರೇ. ಇಲ್ಲಿಯ ಡಾಕ್ಟರುಗಳು ಏನೇ ಆದರೂ ಪ್ಯಾರಾಸಿಟಮಾಲ್ ನುಂಗಿ ಮಲಗಿ ಎನ್ನುವವರು. ಆವತ್ತು ಬಂದವರು ಎದೆಗೆ ಕಿವಿಗೊಟ್ಟು ಕೇಳಿ, ಬೇರೆ ಔಷಧಿ ಬರೆದುಕೊಟ್ಟರು. "ಪ್ಯಾರಾಸಿಟಮಾಲ್ ಅಲ್ವಾ?" ಎಂದು ಕೇಳಿದ ರಘು, ಅಲ್ಲ ಎಂದ ಮೇಲೆ ನಿಜವಾಗಿಯೂ ಗಾಬರಿಯಾದರು.

ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಒಂದು ವಾರ ನಾನೂ ಅನಘಾಳೂ ಸರದಿಯ ಮೇಲೆ ಅವರ ಬಳಿ ಕೂತೆವು. ಕೋರಿ ಎದ್ದು ಓಡಾಡುವಂತಾದಾಗ ಡಾಕ್ಟರು, ಮತ್ತೆ ಚಳಿಯಲ್ಲಿ ಕೂರಬಾರದು, ಈ ಸಲ ಉಳಿದಿರಿ, ಮುಂದಿನ ಸಲ ನನ್ನಿಂದಾಗದು ಎಂದು ಇಲ್ಲಿಯ ರೀತಿಯಲ್ಲಿ ನೇರವಾಗಿ ಹೇಳಿ ಹೋದರು. ಹಾಗಾಗಿ ಹಗಲೆಲ್ಲ ಅವರನ್ನು ನಮ್ಮ ಮನೆಗೇ ಕರೆತಂದೆವು. ರಘು ಯಾರಿಗೂ ಹೇಳದೆ ಥರ್ಮೋಸ್ಟ್ಯಾಟನ್ನು ಇಪ್ಪತ್ತೊಂದಕ್ಕೆ ಏರಿಸಿದರು. ಒಬ್ಬ ವೃದ್ಧೆಯ ಆರೋಗ್ಯಕ್ಕಾಗಿ ನಾವೆಲ್ಲ ಸ್ವೆಟರ್ ಬಿಚ್ಚುವ ತ್ಯಾಗ ಮಾಡಿದೆವು. ದೋಸೆ ಹಿಟ್ಟೂ ಉಕ್ಕಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಕೋರಿ ಕಾಫಿ ಕಪ್ಪು ಕೆಳಗಿಟ್ಟು, "ತಿಂಗಳಿಗೆ ಎಷ್ಟು?" ಎಂದು ಕೇಳಿದರು.

"ಏನು ಎಷ್ಟು?"

"ನಾನು ಇಲ್ಲಿ ಕೂತಿದ್ದಕ್ಕೆ."

"ಅಯ್ಯಯ್ಯೋ, ಏನೂ ಬೇಡ ಬ್ಯೂರ್‌ವ್ರೌ! ಏನು ಮಾತು ಅಂತ ಆಡ್ತೀರಿ!"

ನಮ್ಮ ಕಡೆ ಬೇಡ ಎಂಬುದು ಮಾತಿನ ಆರಂಭ. ಮೂರು ಸಲ ಬೇಡ ಎಂದಾದ ಮೇಲೆ ಅಸಲು ಮಾತು ಶುರುವಾಗುತ್ತದೆ. ಆದರೆ ಇಲ್ಲಿ ಅದು ಮೊದಲ ಸಲಕ್ಕೇ ಮುಗಿದುಹೋಗುತ್ತದೆ. ಕೋರಿ ಕೋಟು ಕೈಗೆತ್ತಿಕೊಂಡರು. "ಹಾಗಾದ್ರೆ ನಾಳೆಯಿಂದ ಬರಲ್ಲ."

ರಘುಗೆ ತಡೆದುಕೊಳ್ಳಲಾಗಲಿಲ್ಲ. "ನಾಲ್ಕು ವರ್ಷ ಸುಮ್ನೆ ತಗೊಂಡ್ರಲ್ಲ?"

ನಾನು ನೆಲ ನೋಡಿದೆ. ಕೋರಿಗೆ ಬೇಸರವಾದಂತೆ ಕಾಣಲಿಲ್ಲ. ಅದು ಕೇಳಬೇಕಾದ ಪ್ರಶ್ನೆಯೇ ಎಂಬಂತೆ ತಲೆಯಾಡಿಸಿದರು. "ಅದು ಗೋಡೆಯಿಂದ ಬಂತು. ಗೋಡೆಯಿಂದ ಬಂದಿದ್ದಕ್ಕೆ ನಾನು ಹೊಣೆ ಅಲ್ಲ. ಬಾಗಿಲಿಂದ ಬಂದಿದ್ದಕ್ಕೆ ಲೆಕ್ಕ ಇರಬೇಕು."

ಹೇಳಿದ ಹಾಗೆ ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನು ಹೋಗಿ ಕರೆದರೆ ಬಾಗಿಲಲ್ಲೇ ನಿಂತು, ಚೆನ್ನಾಗಿದ್ದೇನೆ ಎಂದರು. ಅವರ ಹಿಂದಿನಿಂದ ತಣ್ಣನೆಯ ಗಾಳಿ ಬಂತು. ಮತ್ತೆ ಕೆಮ್ಮು ಕೇಳಿಸತೊಡಗಿತು. ರಘು ಊಟದ ತಟ್ಟೆಯ ಮುಂದೆ ಕೂತು, ಗೋಡೆ ನೋಡಿ, "ದುಡ್ಡು ತಗೊಂಡ್ಬಿಡೋಣ್ವಾ?" ಎಂದು ಕೇಳಿದರು. ಪಕ್ಕದ ಮನೆಯ ಹೆಂಗಸು ಬೆಚ್ಚಗೆ ಕೂತಿದ್ದಕ್ಕೆ ಹಣ ಪಡೆದೆವೆಂದು ನಮ್ಮ ಅತ್ತೆಗೆ ಗೊತ್ತಾದರೆ ಮೈಸೂರಿಗೆ ಮುಖ ತೋರಿಸುವ ಹಾಗಿರಲಿಲ್ಲ. ತೆಗೆದುಕೊಳ್ಳಲೂ ಆಗದು, ಬಿಡಲೂ ಆಗದು. ನನ್ನ ಗುಣಾಕಾರ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಬಂದದ್ದು ರಘುವಿನ ಭಾಗಾಕಾರವೇ. ತಟ್ಟೆ ಬಿಟ್ಟು ಎದ್ದುಹೋಗಿ ಕೋರಿಯ ಬಾಗಿಲು ತಟ್ಟಿದರು. ನಾನೂ ಹಿಂದೆ ಓಡಿದೆ.

"ನೀವು ನಮ್ಮ ಮನೆಗೆ ಬರೋದು ಬೇಡ" ಅಂದರು ರಘು. "ನಾವೇ ನಿಮ್ಮ ಮನೆಗೆ ಬರ್ತೀವಿ. ಒಂದಿನ ನಿಮ್ಮ ಹೀಟರ್ ಆನ್, ನಮ್ಮದು ಆಫ್. ಎಲ್ರೂ ಇಲ್ಲಿ. ಮಾರನೇ ದಿನ ನಮ್ಮದು ಆನ್, ಎಲ್ರೂ ಅಲ್ಲಿ. ಯಾರೂ ಯಾರಿಗೂ ಏನೂ ಕೊಡೋ ಹಾಗಿಲ್ಲ."

ಕೋರಿ ಕಣ್ಣು ಕಿರಿದು ಮಾಡಿ ಯೋಚಿಸಿದರು. "ವಾರಕ್ಕೆ ಏಳು ದಿನ. ಭಾನುವಾರ ಯಾರದ್ದು?"

ರಘು ಬೆರಳು ಮಡಿಸಿ ಎಣಿಸಿದರು. ಇಷ್ಟು ಭಾಗಿಸುವವರು ಏಳನ್ನು ಮರೆತಿದ್ದರು.

"ಭಾನುವಾರ ಸ್ವೆಟರ್" ಎಂದು ಕೋರಿಯೇ ತೀರ್ಪು ಕೊಟ್ಟು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಹೀಗೆ ಶುರುವಾಯಿತು. ಸೋಮವಾರ ಮಧ್ಯಾಹ್ನ ನಾನು ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೆ. ಶಾಲೆ ಬಿಟ್ಟ ಅನಘಾ ನೇರ ಅಲ್ಲಿಗೆ. ಸಂಜೆ ರೈಲಿಳಿದ ರಘು, ಅಭ್ಯಾಸಬಲದಿಂದ ನಮ್ಮ ಬಾಗಿಲಿಗೆ ಹೋಗಿ, ಒಳಗಿನ ಚಳಿಗೆ ನೆನಪಾಗಿ, ಅಲ್ಲಿಗೆ. ಮಂಗಳವಾರ ಕೋರಿ ಹೆಣಿಗೆಯ ಚೀಲ ಹಿಡಿದು ಇಲ್ಲಿಗೆ. ಅವರ ಮನೆಯಲ್ಲಿ ಕಾಫಿಯ ಜೊತೆ ತಗಡಿನ ಡಬ್ಬಿ ಬರುತ್ತದೆ, ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಕೊಳ್ಳುತ್ತದೆ. ಮೊದಲ ದಿನ ಎರಡನೆಯದಕ್ಕೆ ಚಾಚಿದ ರಘುವಿನ ಕೈ ಗಾಳಿಯಲ್ಲೇ ನಿಂತಿತು. ಇನ್ನು ನಮ್ಮ ಮನೆಯಲ್ಲಿ ಕೋರಿಯ ಪಾಡು ಬೇರೆ. ಅವರು ಕಲಿತ ಮೊದಲ ಕನ್ನಡ ಪದ 'ಸಾಕು'. ಕೆಲವು ದಿನ ಪ್ರಯೋಗಿಸಿ ನೋಡಿ, "ಈ ಪದ ಹೇಳಿದಾಗಲೆಲ್ಲ ನೀನು ಇನ್ನೂ ಸ್ವಲ್ಪ ಹಾಕ್ತೀಯ. ಅನಘಾ ಇದರ ಅರ್ಥ ತಪ್ಪು ಹೇಳಿಕೊಟ್ಟಿದ್ದಾಳೆ" ಎಂದು ದೂರಿದರು.

ನನಗೆ ಆಶ್ಚರ್ಯವೆಂದರೆ, ಏಳು ವರ್ಷದಿಂದ ಸಂಜೆ ತರಗತಿಗಳಿಗೆ ಹಣ ಕಟ್ಟಿಯೂ ಬಾರದಿದ್ದ ಡಚ್ ಭಾಷೆ ಆ ಚಳಿಗಾಲದಲ್ಲಿ ನನ್ನ ಬಾಯಿಗೆ ಬಂತು. ಕೋರಿ ವ್ಯಾಕರಣ ತಿದ್ದುತ್ತಿರಲಿಲ್ಲ. ಅರ್ಥವಾಗದಿದ್ದರೆ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ. ರಘುಗೆ ಸಮುದ್ರದ ಪಕ್ಕ ಇದ್ದೂ ಈಜು ಬರುವುದಿಲ್ಲವೆಂದು ತಿಳಿದ ದಿನ ಅವರು ಹೆಣಿಗೆ ನಿಲ್ಲಿಸಿ, ಕಳ್ಳನನ್ನು ನೋಡುವಂತೆ ನೋಡಿದರು.

ಬೇಸಿಗೆ ಬರುವ ಹೊತ್ತಿಗೆ ನಮ್ಮ ಮನೆಯ ಕರಾರೂ ಮುಗಿಯುತ್ತಾ ಬಂತು. ಬಾಡಿಗೆ ಏರುವುದು ಖಚಿತವಿತ್ತು. ಶೈಲಾ ಫೋನ್ ಮಾಡಿ, ಪೂರ್ವದ ಒಳನಾಡಿನಲ್ಲೊಂದು ಮನೆ ಇದೆ, ಬಿಡಿ ಮನೆ, ಸುತ್ತ ತೋಟ, ಇದಕ್ಕಿಂತ ದೊಡ್ಡದು, ಬಾಡಿಗೆ ಬಹಳ ಕಡಿಮೆ ಎಂದಳು. "ರಘುಗೆ ಹೇಗೂ ವರ್ಕ್ ಫ್ರಮ್ ಹೋಮ್ ಜಾಸ್ತಿ ಅಲ್ವಾ? ತಗೊಂಡ್ಬಿಡಿ ಕಣೇ, ಯೋಚ್ನೆ ಮಾಡ್ಬೇಡಿ." ರಘು ಗ್ಯಾಸು, ರೈಲು, ಶಾಲೆ ಎಲ್ಲವನ್ನೂ ಕೂಡಿ ಕಳೆದು ನೋಡಿದರು. ಎಲ್ಲಿಂದ ನೋಡಿದರೂ ಲಾಭವೇ.

ಕೋರಿಗೆ ಹೇಳುವ ಕೆಲಸ ನನಗೆ ಬಂತು. ಬಾಡಿಗೆ ಎಷ್ಟು ಎಂದು ಕೇಳಿದರು. ಹೇಳಿದೆ. "ಒಳ್ಳೆ ಬೆಲೆ. ನಾನಾಗಿದ್ರೆ ತಗೊಳ್ತಿದ್ದೆ" ಎಂದು ಹೆಣಿಗೆ ಮುಂದುವರಿಸಿದರು. ಇನ್ನೇನಾದರೂ ಹೇಳುತ್ತಾರೆಂದು ನಾನು ಕಾಯುತ್ತಾ ಕೂತೆ. ಅವರು ಹೆಣೆದ ಸಾಲನ್ನೆಲ್ಲ ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯತೊಡಗಿದರು.

ಶನಿವಾರ ನಾವು ಮೂವರೂ ಹೋಗಿ ಮನೆ ನೋಡಿದೆವು. ಹೊಸ ಮನೆ, ದೊಡ್ಡ ಅಡುಗೆಮನೆ, ಅನಘಾಳಿಗೆ ಮಾಳಿಗೆಯ ಕೋಣೆ. ತೋರಿಸಲು ಬಂದ ಯುವಕ, ಸುತ್ತ ನಾಲ್ಕೂ ಕಡೆ ಬಯಲು, ನೆರೆಹೊರೆಯವರ ಒಂದು ಸದ್ದೂ ಕೇಳುವುದಿಲ್ಲ, ಇಂಥದ್ದು ಸಿಗುವುದು ಅಪರೂಪ ಎಂದ. ರಘು ಕೋಣೆಯಿಂದ ಕೋಣೆಗೆ ಹೋಗಿ ಬಂದು, ತಿಳಿಸುತ್ತೇವೆ ಎಂದು ಹೇಳಿ ಹೊರಬಿದ್ದರು. ರೈಲಿನಲ್ಲಿ ಫೋನ್ ತೆಗೆದು ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿದರು.

"ಇಷ್ಟ ಆಗ್ಲಿಲ್ವಾ?" ಎಂದು ಕೇಳಿದೆ.

"ಮನೆ ಚೆನ್ನಾಗಿದೆ."

"ಮತ್ತೆ?"

"ದುಬಾರಿ ಆಗತ್ತೆ."

"ಅದು ಹ್ಯಾಗ್ರೀ? ಎಲ್ಲಾ ಕಳೆದು ಉಳಿಯತ್ತೆ ಅಂತ ನೀವೇ ತಾನೇ ಹೇಳಿದ್ದು?"

"ನಾಲ್ಕು ಗೋಡೆನೂ ನಾವೇ ಕಾಯಿಸ್ಬೇಕಾಗತ್ತೆ ಕಣೇ."

ಇದನ್ನು ಅವರು ಗ್ಯಾಸಿನ ಬಗ್ಗೆಯೇ ಹೇಳಿದ್ದು. ಬೇರೆ ಅರ್ಥ ಹುಡುಕುವ ಚಟ ನನ್ನದು, ಅವರದಲ್ಲ. ಅನಘಾ ಹೆಡ್‌ಫೋನ್ ತೆಗೆದು, "ಸೋ ವಿ ಆರ್ ಸ್ಟೇಯಿಂಗ್?" ಎಂದು ಖಚಿತ ಮಾಡಿಕೊಂಡು ಮತ್ತೆ ಹಾಕಿಕೊಂಡಳು.

ಊರು ತಲುಪಿದಾಗ ಸಂಜೆಯ ಬಿಸಿಲಿತ್ತು. ಕೋರಿ ಮನೆಯ ಮುಂದೆ ಬೆಂಚಿನ ಮೇಲೆ ಕೂತು ಬಿಸಿಲಿಗೆ ಮುಖವೊಡ್ಡಿದ್ದರು.

"ಏನಾಯ್ತು?"

"ಬೇಡ ಅಂದ್ಕೊಂಡ್ವಿ" ಅಂದರು ರಘು.

"ದಡ್ಡರು. ಅಂಥ ಬೆಲೆಗೆ ಮತ್ತೆ ಸಿಗಲ್ಲ" ಎಂದು ಹೇಳಿ, ಕೋರಿ ಬೆಂಚಿನ ತುದಿಗೆ ಸರಿದು ಕೂತರು.